ಗ್ರಂಥಕರ್ತನೂ ಡಂಗುರವೂ

ನಮ್ಮ ಸಂಘದ ಮೇಜಿನ ಮೇಲೆ ಪ್ರತಿ ತಿಂಗಳೂ "ಸಾದರ ಸ್ವೀಕಾರ"ಕ್ಕೆಂದು ಬಂದು ಸೇರುವ ಹೊಸ ಪುಸ್ತಕಗಳನ್ನು ನೋಡುವಾಗ ಒಂದು ಸಂಗತಿಯು ಎದ್ದು ಕಾಣುವುದು. ಅವುಗಳಲ್ಲಿ ಅನೇಕವುಗಳ ಒಳಪುಟದಲ್ಲಿ ಗ್ರಂಥಕರ್ತನ ಹೆಸರೂ ಪ್ರಕಾಶಕನ ಹೆಸರೂ ಒಂದೇ ಆಗಿರುತ್ತವೆ. ಇಲ್ಲವೆ ಪ್ರಕಾಶನದ ಹೆಸರು ಗ್ರಂಥಕರ್ತನ ತಾಯಿಯದೋ, ಮಗಳದೋ, ಮನೆದೇವರದೋ ಆಗಿರುತ್ತದೆ. ಬರೆದವನೇ ಅಚ್ಚುಹಾಕಿಸಿ, ಬರೆದವನೇ ಹೊತ್ತು ತಂದು, ಬರೆದವನೇ ಅದರ ಗುಣವನ್ನು ಸಾರುತ್ತಿರುವನು. ಇದನ್ನು ಕಂಡು ಕೆಲವರು ಮೂಗು ಮುರಿಯುವರು. ತನ್ನ ಕೂಸನ್ನು ತಾನೇ ಹೊಗಳಿಕೊಳ್ಳುವುದು ಸಭ್ಯರ ಲಕ್ಷಣವಲ್ಲವೆಂದು ಅವರ ಆಕ್ಷೇಪ. ಬೇರೆ ಕೆಲವರು, ಸಾರದಿದ್ದರೆ ಕೇಳುವವರಾರು, ಸಂತೆಯಲ್ಲಿ ಬಾಯಿಯಿದ್ದವನ ಸರಕೇ ಬಿಕರಿಯಾಗುವುದು ಎಂದು ಸಮಾಧಾನ ಹೇಳುವರು. ಈ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯವಿದೆ. ಗ್ರಂಥಕರ್ತನು ಡಂಗುರವನ್ನು ಕೈಗೆತ್ತಿಕೊಳ್ಳಬಹುದೆ, ಎತ್ತಿಕೊಂಡರೆ ಎಷ್ಟರ ಮಟ್ಟಿಗೆ ಬಾರಿಸಬಹುದು ಎಂಬುದನ್ನು ಪೂರ್ವದ ಕೆಲವು ನಿದರ್ಶನಗಳಿಂದ ವಿಚಾರಿಸುವುದು ಈ ಲೇಖನದ ಉದ್ದೇಶ.

ಆತ್ಮಪ್ರಶಂಸೆಯು ನಮ್ಮ ಕವಿಗಳಿಗೆ ಹೊಸದೇನೂ ಅಲ್ಲ. ಪಂಪನು ತನ್ನ ಆದಿಪುರಾಣವನ್ನು ಮೂರು ತಿಂಗಳಲ್ಲಿಯೂ ವಿಕ್ರಮಾರ್ಜುನವಿಜಯವನ್ನು ಆರು ತಿಂಗಳಲ್ಲಿಯೂ ಮುಗಿಸಿದುದಾಗಿ ತಾನೇ ಹೇಳಿಕೊಂಡಿದ್ದಾನೆ. ತನ್ನ ಕೃತಿಯನ್ನು ಪರೀಕ್ಷಿಸಬೇಕೆನ್ನುವವನಿಗೆ ಎಂಥ ಎದೆಗಾರಿಕೆ ಬೇಕೆಂದು ರನ್ನನು ಸವಾಲು ಹಾಕಿದ್ದಾನೆ. ಆದರೆ ಈ ಮಾತುಗಳೆಲ್ಲ ಕಾವ್ಯದ ಒಳಗಿನವು. ವಿದ್ವತ್ಸಭೆಯ ಎದುರಿಗೆ ಆಡಿದವು. ಅಲ್ಲಿ ಕುಳಿತಿದ್ದವರು ಮಾತನ್ನು ಕೃತಿಯೊಂದಿಗೆ ಕೂಡಲೇ ಒರೆಹಚ್ಚಿ ನೋಡಬಲ್ಲವರಾಗಿದ್ದರು. ಕೃತಿಯನ್ನು ಹರಡುವ ಭಾರವಂತೂ ಕವಿಯ ಹೆಗಲ ಮೇಲಿರಲಿಲ್ಲ. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಸಂಗತಿಯನ್ನು ನಾವೆಲ್ಲರೂ ಬಲ್ಲೆವು. ಒಂದೊಂದು ಓಲೆಯ ಮೇಲೂ ಕಂಠದ ಮೊನೆಯಿಂದ ಕೊರೆಯಬೇಕಾಗಿದ್ದ ಆ ಹತ್ತನೆಯ ಶತಮಾನದಲ್ಲಿ ಸಾವಿರ ಪ್ರತಿಗಳೆಂದರೆ ಅದೆಷ್ಟು ಕೈಗಳ ದುಡಿಮೆ! ಇಲ್ಲಿ ಕವಿಯು ಬೇರೆ, ಹರಡಿದವಳು ಬೇರೆ. ಹರಡಿದವಳಿಗೆ ಅದು ವ್ಯಾಪಾರವಾಗಿರದೆ ಪುಣ್ಯವಾಗಿದ್ದಿತು.

ಅಚ್ಚಿನ ಯಂತ್ರವು ಬಂದಮೇಲೆ ಈ ಏರ್ಪಾಡು ಬದಲಾಯಿತು. ಓಲೆಯ ಕಾಲದಲ್ಲಿ ಓದುವವನು ಬೇಕೆಂದಾಗ ಒಂದು ಪ್ರತಿಯು ಹುಟ್ಟುತ್ತಿದ್ದಿತು. ಅಚ್ಚಿನ ಕಾಲದಲ್ಲಿಯಾದರೋ ಓದುವವನ ಮುಖವನ್ನು ಕಾಣುವುದಕ್ಕೆ ಮೊದಲೇ ನೂರಾರು ಪ್ರತಿಗಳಿಗೆ ಕಾಗದದ ಹಣ, ಮೊಳೆ ಜೋಡಿಸುವವನ ಕೂಲಿ, ರಟ್ಟು ಕಟ್ಟುವವನ ಕೂಲಿ ಎಲ್ಲವನ್ನೂ ತೆರಬೇಕಾಯಿತು. ಆಶ್ರಯವನ್ನೀಯುವ ಅರಸನಿಲ್ಲದ, ಬಂಡವಾಳ ಹೂಡುವ ಪ್ರಕಾಶಕನೂ ಸಿಕ್ಕದ ಲೇಖಕನ ಪಾಡೇನು? ಈ ಪ್ರಶ್ನೆಗೆ ನಮ್ಮವರೇ ಆದ ಇಬ್ಬರು ಎರಡು ಬಗೆಯಾಗಿ ಉತ್ತರ ಕೊಟ್ಟಿರುವರು.

ಮೊದಲನೆಯವನು ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪನು ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದ ಬಡವನು. 1870ರಲ್ಲಿ ಹುಟ್ಟಿ 1901ರಲ್ಲಿ ಕ್ಷಯರೋಗದಿಂದ ತೀರಿಕೊಂಡವನು. ಅವನು ತನ್ನ ಅದ್ಭುತರಾಮಾಯಣವನ್ನು ಮೈಸೂರಿನ ಕಾವ್ಯಮಂಜರಿಗೆ ಕಳುಹಿಸುವಾಗ ಅದು ತನ್ನದೆಂದು ಹೇಳಲಿಲ್ಲ. ತನಗೆ ದೊರೆತ ಹಳೆಯ ಪ್ರತಿಯೆಂದನು. ಸಾಮಾನ್ಯವಾಗಿ ಇದನ್ನು ವಿನಯದ ಪರಾಕಾಷ್ಠೆಯೆಂದು ಕೊಂಡಾಡುವುದುಂಟು. ನನಗಾದರೋ ಇದರಲ್ಲಿ ವಿನಯಕ್ಕಿಂತ ಲೋಕಜ್ಞಾನವೇ ಹೆಚ್ಚಾಗಿ ಕಾಣುವುದು. ಹಳತೆಂದರೆ ಕೈಮುಗಿಯುವ, ಹೊಸತೆಂದರೆ ಹುಬ್ಬುಗಂಟಿಕ್ಕುವ ಕಾಲವದು. ಹೆಸರಿಲ್ಲದ ಉಪಾಧ್ಯಾಯನೊಬ್ಬನ ಗದ್ಯವನ್ನು ಯಾರು ಅಚ್ಚುಹಾಕಿಸುತ್ತಿದ್ದರು? ಆದುದರಿಂದ ಅವನು ತನ್ನನ್ನು ಮರೆಮಾಡಿ ಕೃತಿಯನ್ನು ಮುಂದೆಮಾಡಿದನು. ಇದೂ ಒಂದು ಬಗೆಯ ಡಂಗುರವೇ. ಆದರೆ ಮೌನದ ಡಂಗುರ. ಇದರಲ್ಲಿ ಸಂಪಾದಕರಿಗೆ ಹೇಳಿದ ಒಂದು ಸುಳ್ಳೂ ಸೇರಿರುವುದನ್ನು ನಾವು ಮರೆಯಬಾರದು. ಕೃತಿಯು ಬದುಕಿತು, ಕರ್ತೃವು ಬದುಕಿದ್ದಾಗ ಅದರ ಕೀರ್ತಿಯನ್ನು ಉಣ್ಣಲಿಲ್ಲ. ತನ್ನ ಹೆಸರನ್ನೇ ಬೆಲೆಯಾಗಿ ತೆತ್ತು ಪುಸ್ತಕವನ್ನು ಹೊರತರಬೇಕಾದ ಸ್ಥಿತಿಗೆ ಒಬ್ಬ ಒಳ್ಳೆಯ ಲೇಖಕನನ್ನು ತಂದಿಟ್ಟ ವಾಚಕಸಮಾಜವು ಆ ಸುಳ್ಳಿನಲ್ಲಿ ಪಾಲುಗಾರನಲ್ಲವೆಂದು ಹೇಳಲಾದೀತೆ?

ಎರಡನೆಯವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬ ಹೆಸರಿನ ಈ ಮಹನೀಯರು (1869–1942) ತಮ್ಮ ಊರಿನ ಹೆಸರಿನಿಂದಲೇ ನಾಡಿಗೆಲ್ಲ ಪರಿಚಿತರು. ಕಾದಂಬರಿಗಳನ್ನು ಬರೆದರು, 1907ರಿಂದ ಅಗಡಿಯಲ್ಲಿ ಸದ್ಬೋಧಚಂದ್ರಿಕೆಯನ್ನು ನಡೆಯಿಸಿದರು. ಬರೆದುದನ್ನು ಅಚ್ಚುಹಾಕಿಸಿ ಸುಮ್ಮನೆ ಕೂಡಲಿಲ್ಲ. ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮನೆಮನೆಗೆ ಮುಟ್ಟಿಸಿದರು. ಧಾರವಾಡದ ಕಡೆಯ ಹಿರಿಯರ ಬಾಯಲ್ಲಿ ಈ ಕತೆಯು ಈಗಲೂ ಉಳಿದಿದೆ.

ಈ ಕಾರ್ಯವನ್ನು ನಾವು ಕೇವಲ ತ್ಯಾಗದ ಕತೆಯೆಂದು ಕಣ್ಣೀರು ಹಾಕಿ ಬಿಟ್ಟುಬಿಡಬಾರದು. ಅದರಲ್ಲಿ ವಿಮರ್ಶಕನು ಗಮನಿಸಬೇಕಾದ ಒಂದು ಮರ್ಮವಿದೆ. ಗಂಟು ಹೊತ್ತು ಬಾಗಿಲಿಗೆ ಬಂದವನು ತನ್ನ ಪುಸ್ತಕವನ್ನು ಎಷ್ಟು ಹೊಗಳಿದರೂ ಕೊಳ್ಳುವವರು ಅದನ್ನು ಕೈಯಲ್ಲಿ ಹಿಡಿದು ನಾಲ್ಕು ಪುಟ ತಿರುವಿಹಾಕುವರು. ಮುಂದಿನ ಸಲ ಅದೇ ಬಾಗಿಲಿಗೆ ಹೋಗಬೇಕಾದವನು ಸುಳ್ಳು ಹೇಳಲಾರ. ಕಳೆದ ಸಲದ ಕತೆಯು ಹಿಡಿಸಿತೋ ಇಲ್ಲವೋ ಎಂಬುದನ್ನು ಮನೆಯಾಕೆಯ ಮುಖವೇ ಹೇಳಿಬಿಡುವುದು. ಹೀಗೆ ಮಾರಾಟವೇ ಪರೀಕ್ಷೆಯೂ ಆಗುವುದು. ಗಳಗನಾಥರ ಗದ್ಯದಲ್ಲಿ ಪಂಡಿತರ ಬಿಗುವಿಲ್ಲದೆ, ಪಡಸಾಲೆಯಲ್ಲಿ ಕುಳಿತು ಒಬ್ಬರು ಗಟ್ಟಿಯಾಗಿ ಓದಿದರೆ ನಾಲ್ವರು ಕೇಳಬಹುದಾದ ಸರಾಗವಿರುವುದಕ್ಕೆ ಈ ತಿರುಗಾಟವೂ ಒಂದು ಕಾರಣವಾಗಿರಬೇಕೆಂದು ನನಗೆ ತೋರುತ್ತದೆ. ಓದುವವರ ದನಿಯು ಅವರ ಕಿವಿಯಲ್ಲಿದ್ದಿತು. ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ವಿಮರ್ಶೆಯು ಸ್ತುತಿಯಾದೀತು. ಕತೆಯ ನಡುವೆ ನಿಲ್ಲಿಸಿ ನೀತಿಯನ್ನು ಬೋಧಿಸುವ, ಓದುಗರನ್ನು ಕರೆದು ಬುದ್ಧಿ ಹೇಳುವ ಅವರ ಅಭ್ಯಾಸವೂ ಅದೇ ಸಂಬಂಧದಿಂದ ಬಂದುದು. ಮನೆಯ ಹಿರಿಯರು ಹೆಂಗಸರ ಕೈಗೂ ಮಕ್ಕಳ ಕೈಗೂ ನಿಶ್ಚಿಂತೆಯಾಗಿ ಕೊಡಬಹುದಾದ ಪುಸ್ತಕವಾಗಬೇಕೆಂಬ ಎಚ್ಚರವು ಕತೆಯ ಓಟಕ್ಕೆ ಅಲ್ಲಲ್ಲಿ ತೊಡಕಾಗಿದೆ. ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಯನ್ನು ಆಧರಿಸಿದ ಕನ್ನಡಿಗರ ಕರ್ಮಕಥೆಯಂತಹ ಕೃತಿಯಲ್ಲಿಯೂ ಈ ಗುಣದೋಷಗಳೆರಡನ್ನೂ ಕಾಣಬಹುದು. ಬಾಗಿಲಿಗೆ ಹೋದವನಿಗೆ ಬಾಗಿಲಿನ ಎತ್ತರವೂ ತಿಳಿಯುವುದು. ಕೆಲವೊಮ್ಮೆ ಅದಕ್ಕೆ ತಕ್ಕಂತೆ ತಲೆಯನ್ನು ಬಗ್ಗಿಸಬೇಕಾಗಿಯೂ ಬರುವುದು.

ಇವರಿಬ್ಬರ ಪಕ್ಕದಲ್ಲಿ ಪರದೇಶದ ಒಬ್ಬ ಮಹಾಕವಿಯನ್ನು ನಿಲ್ಲಿಸಿ ನೋಡೋಣ. ಅಮೆರಿಕದ ವಾಲ್ಟ್ ವ್ಹಿಟ್ಮನ್ನನು 1855ರಲ್ಲಿ ಬ್ರೂಕ್ಲಿನ್ ನಗರದಲ್ಲಿ ತನ್ನ 'ಲೀವ್ಸ್ ಆಫ್ ಗ್ರಾಸ್' ಎಂಬ ಕವಿತಾಸಂಗ್ರಹವನ್ನು ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿದನು. ಮುದ್ರಣದ ಕೆಲಸವನ್ನು ಬಲ್ಲವನಾದುದರಿಂದ ಕೆಲವು ಪುಟಗಳ ಮೊಳೆಗಳನ್ನು ತಾನೇ ಜೋಡಿಸಿದನು. ಹನ್ನೆರಡೇ ಕವಿತೆಗಳ ಆ ಪುಸ್ತಕದ ಪ್ರತಿಗಳು ಎಂಟುನೂರಕ್ಕೆ ತುಸು ಕಡಿಮೆ. ಮುಖಪುಟದಲ್ಲಿ ಕವಿಯ ಹೆಸರಿಲ್ಲ, ಎದುರಿಗೆ ಅವನ ಚಿತ್ರವೊಂದಿದೆ. ಒಂದು ಪ್ರತಿಯನ್ನು ಆ ದೇಶದ ಜ್ಞಾನವೃದ್ಧನಾದ ಎಮರ್ಸನ್ನನಿಗೆ ಕಳುಹಿಸಿದನು. ಎಮರ್ಸನ್ನನು ಹೃದಯ ತುಂಬಿ ಮೆಚ್ಚಿ ಖಾಸಗಿಯಾಗಿ ಒಂದು ಪತ್ರವನ್ನು ಬರೆದನು. ಇಷ್ಟರವರೆಗೆ ಎಲ್ಲವೂ ಸೊಗಸಾದುದು. ಅನಂತರ ಕವಿಯು ಆ ಪತ್ರವನ್ನು, ಬರೆದವನ ಅನುಮತಿಯನ್ನು ಕೇಳದೆ, ವೃತ್ತಪತ್ರಿಕೆಯಲ್ಲಿ ಅಚ್ಚಾಗಲು ಕೊಟ್ಟನು. 1856ರ ಎರಡನೆಯ ಮುದ್ರಣದಲ್ಲಿ ಅದರ ಒಂದು ವಾಕ್ಯವನ್ನು ಪುಸ್ತಕದ ಬೆನ್ನಿನ ಮೇಲೆ ಚಿನ್ನದ ಅಕ್ಷರಗಳಲ್ಲಿ ಒತ್ತಿಸಿದನು. ಅಷ್ಟು ಸಾಲದೆಂದು ತನ್ನ ಪುಸ್ತಕಕ್ಕೆ ತಾನೇ, ಹೆಸರು ಹಾಕದೆ, ಪತ್ರಿಕೆಗಳಲ್ಲಿ ಪ್ರಶಂಸೆಯ ವಿಮರ್ಶೆಗಳನ್ನು ಬರೆದನು.

ಪುಸ್ತಕವು ಶ್ರೇಷ್ಠವಾಗಿದ್ದಿತು, ಆದುದರಿಂದ ಅದರ ಪ್ರಚಾರವೂ ಕ್ಷಮ್ಯವೆನ್ನುವವರಿದ್ದಾರೆ. ನಾನು ಒಪ್ಪಲಾರೆ. ಪುಸ್ತಕದ ಶ್ರೇಷ್ಠತೆಯು ಕಾರ್ಯದ ದೋಷವನ್ನು ತೊಳೆಯಲಾರದು. ಕಾರ್ಯದ ದೋಷವು ಪುಸ್ತಕದ ಶ್ರೇಷ್ಠತೆಯನ್ನು ಕೆಡಿಸಲೂ ಆರದು. ಸ್ವಂತ ಹಣದಿಂದ ಅಚ್ಚುಹಾಕಿಸಿದುದರಲ್ಲಿ ತಪ್ಪಿಲ್ಲ, ಹಿರಿಯರಿಗೆ ಪ್ರತಿಯನ್ನು ಕಳುಹಿಸಿದುದರಲ್ಲಿ ತಪ್ಪಿಲ್ಲ, "ನನ್ನ ಪುಸ್ತಕವು ಬಂದಿದೆ, ಓದಿರಿ" ಎಂದು ಊರಿಗೆಲ್ಲ ಸಾರಿದ್ದರೂ ತಪ್ಪಾಗುತ್ತಿರಲಿಲ್ಲ. ತಪ್ಪಾದುದು ಬೇರೆಯವರ ಬಾಯಿಯನ್ನು ಎರವಲು ತಂದುದರಲ್ಲಿ. ವಾದಿಯು ತನ್ನ ಪಕ್ಷವನ್ನು ಎಷ್ಟು ಗಟ್ಟಿಯಾಗಿಯಾದರೂ ಹೇಳಿಕೊಳ್ಳಲಿ. ನ್ಯಾಯಾಧೀಶನ ಪೀಠವನ್ನೇರಿ ತೀರ್ಪನ್ನೂ ತಾನೇ ಓದಬಾರದು. ಗಳಗನಾಥರು ಸಾರಿದರು, ತೀರ್ಪನ್ನು ಬಾಗಿಲೊಳಗಿನವರಿಗೆ ಬಿಟ್ಟರು. ವ್ಹಿಟ್ಮನ್ನನು ಎರಡನ್ನೂ ತಾನೇ ಮಾಡಹೊರಟನು. ಡಂಗುರಕ್ಕೂ ವಂಚನೆಗೂ ನಡುವಣ ಗೆರೆಯು ಇಲ್ಲಿಯೇ ಇರುವುದೆಂದು ನನ್ನ ಅಭಿಪ್ರಾಯ.

ಈ ಗೆರೆಯನ್ನು ಹಿಡಿದು ಇಂದಿನ ಪರಿಸ್ಥಿತಿಯನ್ನು ನೋಡೋಣ. ಮುದ್ರಣವು ಈಗ ಸುಲಭವಾಗಿದೆ. ಐವತ್ತು ಪ್ರತಿಗಳನ್ನು ಬೇಕಾದರೂ, ಒಂದನ್ನೇ ಬೇಕಾದರೂ ತೆಗೆಯಿಸಬಹುದು. ಮೊಬೈಲಿನ ಮೂಲಕ ಒಂದು ಗಳಿಗೆಯಲ್ಲಿ ಸಾವಿರ ಮಂದಿಗೆ ಸುದ್ದಿಯನ್ನು ಮುಟ್ಟಿಸಬಹುದು. ಹೊರುವ ಗಂಟು ಹಗುರವಾಯಿತು, ಸಂತೋಷವೇ. ಆದರೆ ಎರವಲು ಬಾಯಿಗಳೂ ಅಷ್ಟೇ ಸುಲಭವಾಗಿ ದೊರೆಯುತ್ತಿವೆ. ಬಿಡುಗಡೆಯ ಸಮಾರಂಭದಲ್ಲಿ ಮುಖ್ಯ ಅತಿಥಿಗಳು ಹಾರ, ಶಾಲು, ಹಣ್ಣಿನ ಬುಟ್ಟಿಗಳನ್ನು ಸ್ವೀಕರಿಸಿ, ಹಾಳೆ ಕತ್ತರಿಸದ ಪುಸ್ತಕವನ್ನು ಮೇಲೆತ್ತಿ ಹಿಡಿದು, ಕನ್ನಡಕ್ಕೆ ಇದೊಂದು ಅಪೂರ್ವ ಕಾಣಿಕೆಯೆನ್ನುವರು. ಮುನ್ನುಡಿ ಒಬ್ಬರದು, ಬೆನ್ನುಡಿ ಇನ್ನೊಬ್ಬರದು, ಹಾರೈಕೆ ಮತ್ತೊಬ್ಬರದು. ಇವೆಲ್ಲವನ್ನೂ ದಾಟಿ ಗ್ರಂಥಕರ್ತನ ಮೊದಲನೆಯ ವಾಕ್ಯವನ್ನು ಸೇರುವಷ್ಟರಲ್ಲಿ ಓದುವವನಿಗೆ ದಣಿವಾಗಿರುವುದು.

ಇದರಲ್ಲಿ ತಪ್ಪು ಗ್ರಂಥಕರ್ತನದೊಂದೇ ಅಲ್ಲ; ಬಾಯಿಯನ್ನು ಎರವಲು ಕೊಡುವ ನಮ್ಮದೇ ಹೆಚ್ಚು. ನಾನು ನಿರಪರಾಧಿಯೆಂದು ಹೇಳಿಕೊಳ್ಳುವುದಿಲ್ಲ. ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರು ಸಾಲ ಮಾಡಿ ಅಚ್ಚುಹಾಕಿಸಿದ ಕವನಸಂಗ್ರಹಕ್ಕೆ ನಾನು ಮುನ್ನುಡಿಯನ್ನು ಬರೆದೆನು. ಕವನಗಳು ಇನ್ನೂ ಹಸಿಯಾಗಿದ್ದುವು; ಅದನ್ನು ಬಲ್ಲೆನು. ಆದರೂ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ನಾಲ್ಕು ದೊಡ್ಡ ಮಾತುಗಳನ್ನಾಡಿದೆನು. ಆರು ತಿಂಗಳಾದಮೇಲೆ ನಿವೃತ್ತ ಉಪಾಧ್ಯಾಯರೊಬ್ಬರು ನಮ್ಮ ಮನೆಗೆ ಬಂದು, "ರಾಯರೆ, ನೀವು ಬರೆದಿರೆಂದು ಆ ಪುಸ್ತಕವನ್ನು ಕೊಂಡೆ. ಹುಡುಗರ ಮೇಲೆ ನನಗೆ ಸಿಟ್ಟಿಲ್ಲ, ಬರೆಯಲಿ. ಆದರೆ ಇನ್ನು ಮುಂದೆ ಮುನ್ನುಡಿ ನೋಡಿ ಪುಸ್ತಕ ಕೊಳ್ಳುವುದಿಲ್ಲ" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ನನ್ನ ಮಿತ್ರರಿಗಾದರೂ ಉಪಕಾರವಾಯಿತೆ? ಪ್ರತಿಗಳಲ್ಲಿ ಹೆಚ್ಚಿನವು ಇಂದಿಗೂ ಅವರ ಅಟ್ಟದ ಮೇಲಿವೆ. ಆಗಲೇ ನಾನು ಕುಳಿತು ಹತ್ತು ಕವನಗಳನ್ನು ತಿದ್ದಿಸಿದ್ದರೆ, ಇಪ್ಪತ್ತನ್ನು ಬಿಡಿಸಿದ್ದರೆ, ಅದು ಮುನ್ನುಡಿಗಿಂತ ಮೇಲಾದ ಸ್ನೇಹವಾಗುತ್ತಿದ್ದಿತು.

ಹಾಗಾದರೆ ಸ್ವತಂತ್ರ ಗ್ರಂಥಕರ್ತನು ಏನು ಮಾಡಬೇಕು? ಪ್ರಕಾಶಕನಿಲ್ಲದವನಿಗೆ ಮೊದಲು ಇಲ್ಲವಾಗುವುದು ಹಣವಲ್ಲ, ತಿದ್ದುವ ಕಣ್ಣು. ಆದುದರಿಂದ ಅಚ್ಚಿಗೆ ಮೊದಲು ನಿಷ್ಠುರವಾಗಿ ಓದುವ ಒಬ್ಬರನ್ನು ಹುಡುಕಿಕೊಳ್ಳಲಿ. ಸಮಾರಂಭದ ಖರ್ಚಿನ ಒಂದು ಪಾಲನ್ನು ಕರಡು ತಿದ್ದುವುದಕ್ಕೆ ವ್ಯಯಿಸಲಿ. ಅಚ್ಚಿನ ಮೇಲೆ ಪುಸ್ತಕದ ವಿಷಯವೇನೆಂದು ನೇರವಾಗಿ ತಾನೇ ಹೇಳಲಿ. ಅದು ಎಂಥದೆಂದು ಬೇರೆಯವರು ಹೇಳಲಿ. ಸಭೆ ಸೇರಿಸುವುದಾದರೆ ಭಾಷಣಗಳನ್ನು ಕಡಿಮೆ ಮಾಡಿ, ಒಂದು ಅಧ್ಯಾಯವನ್ನು ಗಟ್ಟಿಯಾಗಿ ಓದಲಿ. ನಮ್ಮದು ಗಮಕದ ನಾಡು. ಕೇಳಿ ಮೆಚ್ಚಿದವನು ಕೊಂಡು ಓದುವನು. ಓದುಗರನ್ನು ಮುಂಚಿತವಾಗಿ ಒಟ್ಟುಗೂಡಿಸುವ ಮಾರ್ಗವೂ ಇದೆ. ಧಾರವಾಡದ ಮನೋಹರ ಗ್ರಂಥಮಾಲೆಯು 1933ರಿಂದ ಚಂದಾದಾರರನ್ನು ನಂಬಿಯೇ ನಡೆದುಬಂದಿತು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ಇಟ್ಟು ಕೈಸುಟ್ಟುಕೊಂಡರೂ ಬರೆಯುವುದನ್ನು ಬಿಡಲಿಲ್ಲ. ಇವರಾರೂ ಒಂದು ದಿನದ ಸಮಾರಂಭವನ್ನು ನೆಚ್ಚಿದವರಲ್ಲ. ಅದೇ ಓದುಗರ ಎದುರಿಗೆ ಮರುವರ್ಷವೂ ನಿಲ್ಲಬೇಕೆಂಬುದನ್ನು ಬಲ್ಲವರು.

ವಾಚಕರಿಗೂ ಒಂದು ಮಾತು. ಬಾಗಿಲಿಗೆ ಬಂದ ಗ್ರಂಥಕರ್ತನನ್ನು ಹಾಗೆಯೇ ಹಿಂದಿರುಗಿಸಬೇಡಿರಿ, ಗೌರವಪ್ರತಿಯನ್ನು ಕೇಳಬೇಡಿರಿ, ಕೊಂಡುದನ್ನು ಓದಿರಿ, ಓದಿದಮೇಲೆ ನಿಮಗೆ ಅನಿಸಿದುದನ್ನು ಅವನ ಮುಖಕ್ಕೇ ಮರ್ಯಾದೆಯಿಂದ ಹೇಳಿರಿ. ಸುಳ್ಳು ಹೊಗಳಿಕೆಯಿಂದ ಮೋಸಹೋದ ಒಂದು ಮನೆಯು ಮುಂದೆ ಬರುವ ಹತ್ತು ಒಳ್ಳೆಯ ಪುಸ್ತಕಗಳಿಗೆ ಬಾಗಿಲಿಕ್ಕುವುದು. ಅವುಗಳಲ್ಲಿ ಒಂದು ಮುದ್ದಣನದಾಗಿರಬಹುದು. ಅವನು ಮತ್ತೊಮ್ಮೆ ತನ್ನ ಹೆಸರನ್ನು ಮುಚ್ಚಿಟ್ಟುಕೊಂಡು ಬರಬೇಕಾದ ಕಾಲವನ್ನು ನಾವು ತಾರದಿರೋಣ.