ಜುಲೈ ತಿಂಗಳ ಕುಲಾವಿ

ತಿಂಗಳೂ ಒಂದೇ, ಸ್ಕೋರೂ ಒಂದೇ. 2022ರ ಜುಲೈ 12ರಂದು ಬ್ಯಾಂಕಾಕ್‌ನ ರಾಜಮಂಗಲ ಕ್ರೀಡಾಂಗಣದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಲಿವರ್‌ಪೂಲ್ ತಂಡವನ್ನು 4-0 ಗೋಲುಗಳಿಂದ ಸೋಲಿಸಿತು. ಹನ್ನೊಂದು ದಿನ ಕಳೆದ ಮೇಲೆ ಅಮೆರಿಕದ ಒರ್ಲ್ಯಾಂಡೊದಲ್ಲಿ ಆರ್ಸೆನಲ್ ತಂಡ ಚೆಲ್ಸಿಯನ್ನು ಮಣಿಸಿದ್ದೂ 4-0ಯಿಂದಲೇ. ಎರಡೂ ಪ್ರೀಮಿಯರ್ ಲೀಗ್ ಶುರುವಾಗುವುದಕ್ಕೆ ಮುಂಚಿನ ಪ್ರೀಸೀಸನ್ ಪಂದ್ಯಗಳು. ಇವೆರಡರಲ್ಲಿ ಒಂದು ಮುಂದಾಗುವುದನ್ನು ಸರಿಯಾಗಿಯೇ ಹೇಳಿತ್ತು, ಇನ್ನೊಂದು ಹೇಳಿರಲಿಲ್ಲ. ಬರೀ ಸ್ಕೋರ್ ನೋಡಿದವನಿಗೆ ಯಾವುದು ಯಾವುದೆಂದು ತಿಳಿಯುವ ದಾರಿಯೇ ಇರಲಿಲ್ಲ.

ಮೊದಲು ಬ್ಯಾಂಕಾಕ್ ಪಂದ್ಯ ನೋಡೋಣ. ಎರಿಕ್ ಟೆನ್ ಹಾಗ್ ಕೋಚ್ ಆದ ಮೇಲೆ ಯುನೈಟೆಡ್ ಆಡಿದ ಮೊದಲ ಪಂದ್ಯ ಅದು. ಹಿಂದಿನ ಲೀಗ್‌ನಲ್ಲಿ ಇದೇ ಲಿವರ್‌ಪೂಲ್ ಕೈಯಲ್ಲಿ ಯುನೈಟೆಡ್ ಎರಡು ಪಂದ್ಯ ಸೇರಿ ಒಂಬತ್ತು ಗೋಲು ತಿಂದಿತ್ತು, ತಿರುಗಿಸಿ ಒಂದನ್ನೂ ಹೊಡೆದಿರಲಿಲ್ಲ. ಹಾಗಿರುವಾಗ ಜೇಡನ್ ಸ್ಯಾಂಚೊ, ಫ್ರೆಡ್, ಆಂಟನಿ ಮಾರ್ಷಿಯಲ್ ಮೂವರೂ ಮೂವತ್ಮೂರು ನಿಮಿಷಗಳೊಳಗೆ ಚೆಂಡನ್ನು ಬಲೆಗೆ ಸೇರಿಸಿದರೆ ಅಭಿಮಾನಿಗೆ ಕಾಲು ನೆಲದ ಮೇಲೆ ನಿಂತೀತೆ? ಯುನೈಟೆಡ್ ಅಲ್ಲಿಂದ ಆಸ್ಟ್ರೇಲಿಯಕ್ಕೆ ಹೋಗಿ ಮೆಲ್ಬರ್ನ್ ವಿಕ್ಟರಿಯನ್ನು 4-1, ಕ್ರಿಸ್ಟಲ್ ಪ್ಯಾಲೇಸನ್ನು 3-1 ಅಂತರದಿಂದ ಸೋಲಿಸಿತು. ಹೊಸ ಯುಗ ಶುರುವಾಯಿತು ಎಂಬ ಮಾತು ಎಲ್ಲೆಡೆ ಕೇಳಿತು.

ಆ ಗೆಲುವಿನ ಒಳಗೆ ಏನಿತ್ತು? ಲಿವರ್‌ಪೂಲ್ ಕೋಚ್ ಯುರ್ಗನ್ ಕ್ಲಾಪ್ ಅಂದು ಹೆಚ್ಚುಕಡಿಮೆ ಅರ್ಧರ್ಧ ಗಂಟೆಗೊಂದರಂತೆ ಮೂರು ಬೇರೆ ಬೇರೆ ತಂಡಗಳನ್ನು ಮೈದಾನಕ್ಕಿಳಿಸಿದ್ದರು. ಮೊದಲ ಮೂರು ಗೋಲು ಬಿದ್ದಾಗ ಎದುರಿದ್ದವರಲ್ಲಿ ಹುಡುಗರೂ ಹಲವರಿದ್ದರು. ಮೊಹಮ್ಮದ್ ಸಲಾ ಬಂದದ್ದು ಕೊನೆಯ ಸರದಿಯಲ್ಲಿ. ಯುನೈಟೆಡ್ ಕೂಡ ವಿರಾಮದ ನಂತರ ಹೆಚ್ಚುಕಡಿಮೆ ಇಡೀ ತಂಡವನ್ನೇ ಬದಲಿಸಿತು. ಬ್ಯಾಂಕಾಕ್‌ನ ಸೆಕೆಯಲ್ಲಿ, ರಜೆ ಮುಗಿಸಿ ಆಗಷ್ಟೇ ಓಡತೊಡಗಿದ್ದ ಕಾಲುಗಳಿಗೆ ಅಷ್ಟೇ ಸಾಧ್ಯವಿತ್ತು. ಯಕ್ಷಗಾನದ ಪೂರ್ವರಂಗದಲ್ಲಿ ಬಾಲಗೋಪಾಲರು ಕುಣಿಯುವಾಗ ಮೇಳದ ಮುಖ್ಯ ವೇಷಧಾರಿ ಇನ್ನೂ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುತ್ತಾನೆ. ಪೂರ್ವರಂಗ ನೋಡಿ ಆ ರಾತ್ರಿಯ ಪ್ರಸಂಗ ಕಳೆಗಟ್ಟಿತೆಂದು ಯಾರೂ ತೀರ್ಪು ಕೊಡುವುದಿಲ್ಲ. ಫುಟ್‌ಬಾಲಿನಲ್ಲಿ ಮಾತ್ರ ನಾವು ಕೊಟ್ಟುಬಿಡುತ್ತೇವೆ.

ಆಗಸ್ಟ್ 7ರಂದು ಲೀಗ್‌ನ ಮೊದಲ ಪಂದ್ಯ. ಯುನೈಟೆಡ್ ತನ್ನದೇ ಓಲ್ಡ್ ಟ್ರಾಫರ್ಡ್‌ನಲ್ಲಿ ಬ್ರೈಟನ್‌ಗೆ 1-2ರಿಂದ ಸೋತಿತು. ಆ ಅಂಗಳದಲ್ಲಿ ಬ್ರೈಟನ್ ಅದಕ್ಕೆ ಮೊದಲು ಎಂದೂ ಗೆದ್ದಿರಲಿಲ್ಲ. ಆರು ದಿನಗಳ ನಂತರ ಬ್ರೆಂಟ್‌ಫರ್ಡ್‌ನಲ್ಲಿ ನಡೆದದ್ದಂತೂ ಇನ್ನೂ ಮರೆಯದಂಥದ್ದು: ಮೂವತ್ತೈದು ನಿಮಿಷ ಮುಗಿಯುವಷ್ಟರಲ್ಲಿ ನಾಲ್ಕು ಗೋಲು. ಅವುಗಳಲ್ಲಿ ಎರಡನೆಯದನ್ನು ಬಿಡಿಸಿ ನೋಡಬೇಕು. ಗೋಲ್‌ಕೀಪರ್ ಡೇವಿಡ್ ಡಿ ಗಿಯಾ ಚೆಂಡನ್ನು ದೂರಕ್ಕೆ ಒದೆಯದೆ, ಪೆನಾಲ್ಟಿ ಬಾಕ್ಸಿನ ಹತ್ತಿರ ತನ್ನತ್ತ ಮುಖ ಮಾಡಿ ನಿಂತಿದ್ದ ಕ್ರಿಸ್ಟಿಯನ್ ಎರಿಕ್ಸನ್‌ಗೆ ಕೊಟ್ಟ. ಎರಿಕ್ಸನ್ ಬೆನ್ನಿಗೇ ಮಥಿಯಾಸ್ ಯೆನ್ಸನ್ ಅಂಟಿಕೊಂಡಿದ್ದ. ಚೆಂಡು ಕಸಿದ, ಒಂದೆರಡು ಹೆಜ್ಜೆ ಇಟ್ಟ, ಗೋಲು ಹೊಡೆದ. ಹಿಂದಿನಿಂದಲೇ ಪಾಸ್ ಮಾಡುತ್ತ ಆಟ ಕಟ್ಟುವುದು ಟೆನ್ ಹಾಗ್ ತರಲು ಹೊರಟಿದ್ದ ಪದ್ಧತಿ. ಜುಲೈ ಉದ್ದಕ್ಕೂ ಅದು ಚೆನ್ನಾಗಿಯೇ ಕಂಡಿತ್ತು. ಯಾಕೆ ಕಂಡಿತೆಂದರೆ, ಜುಲೈನಲ್ಲಿ ಚೆಂಡು ಪಡೆಯುವವನ ಬೆನ್ನಿಗೆ ಯಾರೂ ಹಾಗೆ ಅಂಟಿಕೊಳ್ಳುವುದಿಲ್ಲ. ಎದುರಾಳಿಯ ಫಾರ್ವರ್ಡ್‌ಗಳೂ ಇನ್ನೂ ಮೈ ಹದ ಮಾಡಿಕೊಳ್ಳುತ್ತಿರುತ್ತಾರೆ. ತೊಂಬತ್ತು ನಿಮಿಷ ಪ್ರೆಸ್ ಮಾಡುವ ಕಸುವು ಅವರ ಕಾಲಲ್ಲೂ ಇರುವುದಿಲ್ಲ, ಯಾವುದೋ ದೇಶದ ಪ್ರದರ್ಶನ ಪಂದ್ಯದಲ್ಲಿ ಹಾಗೆ ಬಿದ್ದುಕೊಂಡು ಓಡುವ ದರ್ದೂ ಇರುವುದಿಲ್ಲ.

ಪ್ರೀಸೀಸನ್ ಫಲಿತಾಂಶದ ದೊಡ್ಡ ಕೊರತೆ ಇದು. ತಂಡಕ್ಕೆ ಏನು ಗೊತ್ತಿದೆ ಎಂಬುದನ್ನು ಅದು ತೋರಿಸಬಲ್ಲದು. ಮೇಲೆ ಬಿದ್ದು ಬರುವವರ ಎದುರು ಅದನ್ನು ಮಾಡಿ ತೋರಿಸಬಲ್ಲದೇ ಎಂಬುದನ್ನು ತೋರಿಸುವುದಿಲ್ಲ.

ಈಗ ಒರ್ಲ್ಯಾಂಡೊ. ಮ್ಯಾಂಚೆಸ್ಟರ್ ಸಿಟಿಯಿಂದ ಆಗಷ್ಟೇ ಬಂದಿದ್ದ ಗೇಬ್ರಿಯಲ್ ಜೀಸಸ್ ಮೊದಲ ಗೋಲು ಹೊಡೆದ. ನಂತರ ಮಾರ್ಟಿನ್ ಓಡೆಗಾರ್ಡ್, ಬುಕಾಯೊ ಸಾಕಾ, ಸಾಂಬಿ ಲೊಕೊಂಗಾ. ಆರ್ಸೆನಲ್ ಅದರ ಮುಂದಿನ ವಾರ ಲಂಡನ್‌ಗೆ ಮರಳಿ ಸೆವಿಯಾಗೆ ಆರು ಗೋಲು ಹೊಡೆಯಿತು, ಅದರಲ್ಲಿ ಮೂರು ಜೀಸಸ್‌ನವು. ಇದನ್ನೂ ಜುಲೈ ಜಾತ್ರೆ ಎಂದು ತಳ್ಳಿಹಾಕಿದವರಿದ್ದರು. ಆದರೆ ಆರ್ಸೆನಲ್ ಲೀಗ್‌ನ ಮೊದಲ ಐದು ಪಂದ್ಯಗಳನ್ನೂ ಗೆದ್ದಿತು, ಆ ಸೀಸನ್‌ನಲ್ಲಿ 248 ದಿನ ಪಟ್ಟಿಯ ತಲೆಯ ಮೇಲೆ ಕೂತಿತು, ಕೊನೆಗೆ 84 ಪಾಯಿಂಟ್‌ಗಳೊಂದಿಗೆ ಎರಡನೆಯದಾಯಿತು. ಹಿಂದಿನ ವರ್ಷ ಐದನೇ ಸ್ಥಾನದಲ್ಲಿದ್ದ ತಂಡ ಇದು. ಸೋತವರ ಕಡೆಗೂ ಆ ಪಂದ್ಯ ಸರಿಯಾಗಿಯೇ ಬೆರಳು ತೋರಿಸಿತ್ತು. ಚೆಲ್ಸಿ ಕೋಚ್ ಥಾಮಸ್ ಟೂಶೆಲ್ ಪಂದ್ಯದ ನಂತರ ತಮ್ಮ ಅಸಮಾಧಾನವನ್ನು ಮುಚ್ಚಿಡಲಿಲ್ಲ. ಸೆಪ್ಟೆಂಬರ್ 7ರಂದು ಅವರ ಕೆಲಸವೇ ಹೋಯಿತು. ಚೆಲ್ಸಿ ಹನ್ನೆರಡನೇ ಸ್ಥಾನಕ್ಕೆ ಕುಸಿಯಿತು.

ಹಾಗಾಗಿ ಪ್ರೀಸೀಸನ್ ಎಲ್ಲವೂ ಸುಳ್ಳು ಎಂದು ಕೈ ಝಾಡಿಸಿಬಿಡುವುದೂ ಸೋಮಾರಿತನವೇ. ಒರ್ಲ್ಯಾಂಡೊದಲ್ಲಿ ನೋಡಬೇಕಾಗಿದ್ದದ್ದು ನಾಲ್ಕು ಗೋಲುಗಳನ್ನಲ್ಲ. ಜೀಸಸ್ ಗೋಲಿನ ಮುಂದೆ ಕಾದು ನಿಲ್ಲದೆ ಹಿಂದೆ ಬಂದು ಚೆಂಡು ಪಡೆಯುತ್ತಿದ್ದ, ಕಳೆದುಕೊಂಡರೆ ಅದೇ ಉಸಿರಿನಲ್ಲಿ ಡಿಫೆಂಡರ್ ಮೇಲೆ ಬೀಳುತ್ತಿದ್ದ. ಅಷ್ಟು ವರ್ಷ ಡಿಫೆನ್ಸ್ ಮುಂದೆ ಕಾವಲು ನಿಲ್ಲುತ್ತಿದ್ದ ಗ್ರಾನಿಟ್ ಜಾಕಾ ಈಗ ಎಡಗಡೆ ಮುಂದಕ್ಕೆ ಸರಿದು ಆಡುತ್ತಿದ್ದ. ಇವು ಎದುರಾಳಿಯ ಸುಸ್ತನ್ನು ನೆಚ್ಚಿಕೊಂಡ ಬದಲಾವಣೆಗಳಲ್ಲ. ಕೋಚ್ ಮಿಕೆಲ್ ಆರ್ಟೆಟಾ ಯೋಚಿಸಿ ಮಾಡಿದ ಏರ್ಪಾಡು. ಲೀಗ್ ಶುರುವಾದ ಮೇಲೂ ಹಾಗೆಯೇ ಉಳಿದವು. ಬ್ಯಾಂಕಾಕ್‌ನಲ್ಲಿ ಅಂಥದ್ದು ಕಂಡಿದ್ದು ಕಡಿಮೆ. ಅಲ್ಲಿನ ಗೋಲುಗಳು ಬಂದದ್ದು ಬಹುಪಾಲು ಲಿವರ್‌ಪೂಲ್ ಆಟಗಾರರ ತಪ್ಪಿನಿಂದ.

ಒಬ್ಬ ಆಟಗಾರನ ವಿಷಯದಲ್ಲಂತೂ ಈ ತಿಂಗಳು ಇನ್ನೂ ಕ್ರೂರ. ಅದೇ ಬೇಸಿಗೆಯಲ್ಲಿ ಲಿವರ್‌ಪೂಲ್ ಸೇರಿದ ಡಾರ್ವಿನ್ ನೂನ್ಯೆಸ್ ಬ್ಯಾಂಕಾಕ್‌ನಲ್ಲಿ ಹದವಾದ ಒಂದು ಅವಕಾಶ ಕಳೆದುಕೊಂಡ ಎಂದು ಜಗತ್ತೆಲ್ಲ ನಕ್ಕಿತು. ಜುಲೈ 21ರಂದು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅದೇ ಹುಡುಗ ಒಂದೇ ಅರ್ಧದಲ್ಲಿ ನಾಲ್ಕು ಗೋಲು ಹೊಡೆದ, ನಕ್ಕವರೇ ಹೊಗಳಿದರು. ಜುಲೈ 30ರ ಕಮ್ಯುನಿಟಿ ಶೀಲ್ಡ್‌ನಲ್ಲಿ ಸಿಟಿ ವಿರುದ್ಧವೂ ಅವನು ಗೋಲು ಹೊಡೆದ. ಆ ಪಂದ್ಯದಲ್ಲಿ ಸಿಟಿಯ ಹೊಸ ಫಾರ್ವರ್ಡ್ ಎರ್ಲಿಂಗ್ ಹಾಲೆಂಡ್, ಕೊನೆಯ ಗಳಿಗೆಯಲ್ಲಿ ಬಾಯಿ ತೆರೆದು ಕೂತ ಗೋಲಿನೆದುರು ಚೆಂಡನ್ನು ಅಡ್ಡಕಂಬಕ್ಕೆ ಬಡಿದ. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಹೋಲಿಸುವ ಹುರುಪು ಎಲ್ಲರಿಗೂ ಬಂತು. ಲೀಗ್ ಮುಗಿದಾಗ ಹಾಲೆಂಡ್ ಲೆಕ್ಕದಲ್ಲಿ 36 ಗೋಲುಗಳಿದ್ದವು. ಪ್ರೀಮಿಯರ್ ಲೀಗ್‌ನ ಒಂದು ಸೀಸನ್‌ನಲ್ಲಿ ಅಷ್ಟು ಗೋಲನ್ನು ಅದುವರೆಗೆ ಯಾರೂ ಹೊಡೆದಿರಲಿಲ್ಲ. ನೂನ್ಯೆಸ್ ಹೊಡೆದದ್ದು 9.

ಹಳೆಯ ಲೆಕ್ಕ ತೆಗೆದರೂ ಕಥೆ ಬೇರೆಯಲ್ಲ. 2014ರಲ್ಲಿ ಲೂಯಿ ವಾನ್ ಗಾಲ್ ಬಂದಾಗ ಯುನೈಟೆಡ್ ಅಮೆರಿಕದಲ್ಲಿ ಎಲ್‌ಎ ಗ್ಯಾಲಕ್ಸಿಗೆ ಏಳು ಗೋಲು ಹೊಡೆಯಿತು. ಮಿಷಿಗನ್ ಸ್ಟೇಡಿಯಂನಲ್ಲಿ 1,09,318 ಜನರೆದುರು ರಿಯಲ್ ಮ್ಯಾಡ್ರಿಡನ್ನು 3-1ರಿಂದ, ಫೈನಲ್‌ನಲ್ಲಿ ಲಿವರ್‌ಪೂಲನ್ನು 3-1ರಿಂದ ಸೋಲಿಸಿ ಪ್ರೀಸೀಸನ್ ಟೂರ್ನಿಯೊಂದರ ಕಪ್ ಎತ್ತಿತು. ಆಗಸ್ಟ್ 16ರಂದು ತವರಿನಲ್ಲೇ ಸ್ವಾನ್ಸಿಗೆ ಸೋತಿತು. ಹತ್ತು ದಿನ ಬಿಟ್ಟು ಮೂರನೇ ದರ್ಜೆಯ ಎಂಕೆ ಡಾನ್ಸ್ ತಂಡದಿಂದ ನಾಲ್ಕು ಗೋಲು ತಿಂದಿತು. ಉಲ್ಟಾ ಉದಾಹರಣೆ ಬೇಕಾದರೆ 2019 ಇದೆ. ಲಿವರ್‌ಪೂಲ್ ಅಮೆರಿಕಕ್ಕೆ ಹೋಗಿ ಡಾರ್ಟ್‌ಮುಂಡ್‌ಗೂ ಸೆವಿಯಾಗೂ ಸೋತಿತು, ಸ್ಪೋರ್ಟಿಂಗ್ ಜೊತೆ ಡ್ರಾ ಮಾಡಿಕೊಂಡಿತು, ಎಡಿನ್‌ಬರೋದಲ್ಲಿ ನಾಪೋಲಿಯಿಂದ ಮೂರು ಗೋಲು ತಿಂದಿತು. ಸಲಾ, ಮಾನೆ, ಫರ್ಮಿನೊ, ಆಲಿಸನ್ ನಾಲ್ವರೂ ತಂತಮ್ಮ ದೇಶಕ್ಕೆ ಆಡಿ ಬಂದು ರಜೆಯಲ್ಲಿದ್ದರು, ಅಷ್ಟೇ ಕಾರಣ. ಆ ಸೀಸನ್‌ನ ಮೊದಲ 27 ಲೀಗ್ ಪಂದ್ಯಗಳಲ್ಲಿ ಲಿವರ್‌ಪೂಲ್ 26 ಗೆದ್ದು, ಮೂವತ್ತು ವರ್ಷದ ಮೇಲೆ ಲೀಗ್ ಪ್ರಶಸ್ತಿಯನ್ನು 99 ಪಾಯಿಂಟ್‌ಗಳೊಂದಿಗೆ ಮನೆಗೆ ತಂದಿತು. ಅದೇ ಜುಲೈನಲ್ಲಿ ನ್ಯೂಜೆರ್ಸಿಯಲ್ಲಿ ಅಟ್ಲೆಟಿಕೊಗೆ 3-7ರಿಂದ ಸೋತು ಮಾನ ಕಳೆದುಕೊಂಡ ರಿಯಲ್ ಮ್ಯಾಡ್ರಿಡ್ ಕೂಡ ಆ ವರ್ಷ ಸ್ಪೇನ್‌ನ ಚಾಂಪಿಯನ್.

ಅಮೆರಿಕದವರು ಫುಟ್‌ಬಾಲ್ ಎನ್ನುವುದು ಬೇರೆಯೇ ಆಟವನ್ನು. ಆದರೆ ಈ ಭ್ರಮೆ ಅವರಲ್ಲೂ ಇದೆ, ನಮಗಿಂತ ಚೆನ್ನಾಗಿ ದಾಖಲಾಗಿದೆ. ಡೆಟ್ರಾಯಿಟ್ ಲಯನ್ಸ್ 2008ರ ಪ್ರೀಸೀಸನ್‌ನ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದು, ಸೀಸನ್‌ನ ಹದಿನಾರಕ್ಕೆ ಹದಿನಾರೂ ಸೋತಿತು. 2017ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅದನ್ನೇ ಚಾಚೂ ತಪ್ಪದೆ ಮಾಡಿತು. ಬಾಲ್ಟಿಮೋರ್ ರೇವನ್ಸ್ ಸತತ 24 ಪ್ರೀಸೀಸನ್ ಪಂದ್ಯ ಗೆದ್ದು ದಾಖಲೆ ಬರೆಯಿತು. ಆ ಸರಣಿಯ ನಡುವೆಯೇ 2019ರಲ್ಲಿ ಅದು ಹದಿನಾರರಲ್ಲಿ ಹದಿನಾಲ್ಕು ಗೆದ್ದದ್ದೂ ಉಂಟು, 2021ರಲ್ಲಿ ಗೆಲುವಿಗಿಂತ ಸೋಲೇ ಹೆಚ್ಚಾಗಿದ್ದೂ ಉಂಟು.

ಬೆಂಗಳೂರಿನವರು ಇದನ್ನು ದೂರದ ಕಥೆ ಎಂದುಕೊಳ್ಳಬೇಕಿಲ್ಲ. ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾಗುವ ಮುಂಚೆ ನಡೆಯುತ್ತ ಬಂದಿರುವ ಡುರಾಂಡ್ ಕಪ್ 1888ರಷ್ಟು ಹಳೆಯ ಟೂರ್ನಿ, ಅದರ ಘನತೆಗೆ ಕೊರತೆಯಿಲ್ಲ. ಆದರೂ ಹಲವು ಕ್ಲಬ್‌ಗಳಿಗೆ ಅದು ಸೀಸನ್‌ಗೆ ಮೈ ಹುರಿಗೊಳಿಸಿಕೊಳ್ಳುವ ಜಾಗ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಎಫ್‌ಸಿ ಕೋಲ್ಕತ್ತದಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಆ ಕಪ್ ಗೆದ್ದಾಗ ಕಂಠೀರವ ಕ್ರೀಡಾಂಗಣದ ವೆಸ್ಟ್ ಬ್ಲಾಕ್‌ನ ಅಭಿಮಾನಿ ಹುಡುಗರಿಗೆ ಐಎಸ್‌ಎಲ್ ಕೂಡ ಕೈಗೆ ಸಿಕ್ಕಂತೆಯೇ ಕಂಡಿದ್ದರೆ ಆಶ್ಚರ್ಯವಿಲ್ಲ. ಡಿಸೆಂಬರ್ ಹೊತ್ತಿಗೆ ತಂಡ ಪಟ್ಟಿಯ ತಳದ ಕಡೆ ತೆವಳುತ್ತಿತ್ತು. ಆಮೇಲೆ ಲೀಗ್‌ನಲ್ಲಿ ಸತತ ಎಂಟು ಗೆಲುವು, ಫೈನಲ್, ಅಲ್ಲಿ ಪೆನಾಲ್ಟಿಯಲ್ಲಿ ಸೋಲು. ಡುರಾಂಡ್ ಫೈನಲ್ ಸೋತ ಮುಂಬೈ ಲೀಗ್ ಶೀಲ್ಡ್ ಗೆದ್ದಿತು.

ನನ್ನ ತಕರಾರು ಅಭಿಮಾನಿಯ ಮೇಲಲ್ಲ. ಜೂನ್ ಇಡೀ ಆಟವಿಲ್ಲದೆ ಕಳೆದವನು ಜುಲೈನಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಸಹಜ, ಅದರಲ್ಲೊಂದು ಸುಖವೂ ಇದೆ. ತಕರಾರು ಕುಲಾವಿ ಮಾರುವವರ ಮೇಲೆ. ದೊಡ್ಡ ಕ್ಲಬ್‌ಗಳು ಇಂದು ಬ್ಯಾಂಕಾಕ್, ಸಿಂಗಪುರ, ಲಾಸ್ ಏಂಜಲೀಸ್‌ಗೆ ಹೋಗುವುದು ಫಿಟ್‌ನೆಸ್‌ಗಾಗಿ ಅಲ್ಲ. ಫಿಟ್‌ನೆಸ್ ಮಾತ್ರವೇ ಬೇಕಿದ್ದರೆ ಆಲ್ಪ್ಸ್ ಬೆಟ್ಟದ ಬುಡದ ಯಾವುದೋ ಊರಿನ ತಂಪಿನಲ್ಲಿ ಎರಡು ವಾರ ಬೆವರು ಹರಿಸಿದರೆ ಸಾಕಾಗುತ್ತಿತ್ತು. ಆತಿಥೇಯರು ಕೊಡುವ ದುಡ್ಡು, ಹೊಸ ಜೆರ್ಸಿ, ಪ್ರಾಯೋಜಕರ ಹಲಗೆ ಇವೆಲ್ಲ ಇರುವುದರಿಂದ ಆಟಗಾರರು ಹೊತ್ತಿನ ಲೆಕ್ಕ ತಪ್ಪಿದ ನಿದ್ದೆಯಲ್ಲಿ ಖಂಡಾಂತರ ಹಾರುತ್ತಾರೆ. ಹಾಗೆ ಆಡಿಸಿದ ಪಂದ್ಯಕ್ಕೊಂದು ಕಪ್ ಇಟ್ಟು, ವೈರಿಗಳ ಕದನವೆಂದು ಡಂಗುರ ಸಾರಿ, ಗೆದ್ದರೆ ಹೊಸ ಯುಗವೆಂದು ವಿಡಿಯೊ ಬಿಡುವುದು, ಸೋತರೆ ಇದು ಬರೀ ತಾಲೀಮು ಎಂದು ಜಾರಿಕೊಳ್ಳುವುದು. ಎರಡು ನಾಲಿಗೆಯ ಈ ವ್ಯಾಪಾರವೇ ನನಗೆ ಒಪ್ಪಿಗೆಯಿಲ್ಲದ್ದು. ತಾಲೀಮಾಗಿ ಪ್ರೀಸೀಸನ್ ಬೇಕೇ ಬೇಕು. ತಮಾಷೆಯಾಗಿಯೂ ನಡೆದೀತು. ಸಾಕ್ಷಿಯಾಗಿ ಮಾತ್ರ ಅದು ತೀರಾ ದುರ್ಬಲ.

ಆದ್ದರಿಂದ ಮುಂದಿನ ಜುಲೈನಲ್ಲಿ ನಿಮ್ಮ ತಂಡದ ಪಂದ್ಯ ನೋಡುವುದಾದರೆ ಮೊದಲ ಅರ್ಧ ಗಂಟೆಯನ್ನು ಗಮನವಿಟ್ಟು ನೋಡಿ, ಸಬ್‌ಸ್ಟಿಟ್ಯೂಟ್‌ಗಳ ಮೆರವಣಿಗೆ ಶುರುವಾದ ಮೇಲೆ ಕಾಫಿ ಕುಡಿಯಲು ಏಳಬಹುದು. ಎಡ ಬ್ಯಾಕ್ ಎಲ್ಲಿ ನಿಲ್ಲುತ್ತಿದ್ದಾನೆ, ಚೆಂಡು ಕಳೆದುಕೊಂಡ ಮೇಲಿನ ಐದು ಸೆಕೆಂಡಿನಲ್ಲಿ ಮುಂದಿನವರು ಏನು ಮಾಡುತ್ತಾರೆ, ಕೋಚ್ ಯಾರನ್ನು ಮತ್ತೆ ಮತ್ತೆ ಅದೇ ಜಾಗದಲ್ಲಿ ಆಡಿಸುತ್ತಿದ್ದಾರೆ, ಯಾರು ಗಾಯವಿಲ್ಲದೆ ಮರಳಿದರು ಎಂಬುದನ್ನು ಗುರುತು ಹಾಕಿಕೊಳ್ಳಿ. ನಿರೀಕ್ಷೆ ಏರಿಸಿಕೊಳ್ಳುವುದಿದ್ದರೆ ಅದನ್ನು ನೋಡಿ ಏರಿಸಿಕೊಳ್ಳಿ. ನಾಲ್ಕು ಗೋಲಿನಿಂದ ಗೆದ್ದರೆಂದು ಜೆರ್ಸಿಗೆ ದುಡ್ಡು ಹಾಕುವ ಅವಸರ ಮಾತ್ರ ಬೇಡ. ಅಕ್ಟೋಬರ್‌ನಲ್ಲೂ ಅದೇ ಜೆರ್ಸಿ ಅಂಗಡಿಯಲ್ಲಿರುತ್ತದೆ.