ಮೊದಲು ಕಡ್ಡಿ ಎಣಿಸಿ, ಆಮೇಲೆ ದುಡ್ಡು

ರೋಡ್ ಬೈಕ್ ಚಕ್ರಗಳ ವಿಮರ್ಶೆಗಳಲ್ಲಿ ಮೊದಲು ಬರೋದು ತೂಕ. ಆಮೇಲೆ ರಿಮ್ಮಿನ ಆಳ, ಗಾಳಿ ಸೀಳುವ ಗುಣ, ಬೇರಿಂಗಿನ ನುಣುಪು. ಕಡ್ಡಿ ಮುರಿದ ದಿನ ಏನು ಗತಿ ಅನ್ನೋದು ಮಾತ್ರ ಅಪರೂಪ. ಎರಡು ವಾರ ಓಡಿಸಿ ಬರೆದ ವಿಮರ್ಶೆ ಅಂದರೆ, ಹಸೆಮಣೆ ಮೇಲೆ ಕೂತ ಜೋಡಿಯನ್ನ ನೋಡಿ ಸಂಸಾರದ ಬಗ್ಗೆ ತೀರ್ಪು ಕೊಟ್ಟ ಹಾಗೆ.

ತೂಕದ ವಾದವನ್ನೇ ನೋಡೋಣ. ಸವಾರ, ಸೈಕಲ್ ಸೇರಿ 80 ಕೆಜಿ ಅಂತಿಟ್ಟುಕೊಳ್ಳಿ. ಚಕ್ರದಲ್ಲಿ 400 ಗ್ರಾಂ ಉಳಿಸಿದರೆ ಅದು ಒಟ್ಟು ತೂಕದ ಶೇ. 0.5. ನಂದಿ ಬೆಟ್ಟವನ್ನ 30 ನಿಮಿಷದಲ್ಲಿ ಹತ್ತೋರಿಗೆ ಹೆಚ್ಚೆಂದರೆ 9 ಸೆಕೆಂಡ್ ಲಾಭ. ತುಂಬಿದ ನೀರಿನ ಬಾಟಲಿಯೇ ಅದಕ್ಕಿಂತ ಭಾರ! ಆಳದ ರಿಮ್ಮಿನ ವಾದ ಇದಕ್ಕಿಂತ ಗಟ್ಟಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರೋದರಿಂದ ರೇಸ್ ಮಾಡೋರಿಗೆ ಅದು ನಿಜವಾದ ಲಾಭ. ಹೆಬ್ಬಾಳದ ಸಿಗ್ನಲ್ಲಲ್ಲಿ ಕಾಯೋರಿಗಲ್ಲ.

ಇನ್ನು ಬಾಳಿಕೆ. ಕಡ್ಡಿ ಸಾಮಾನ್ಯವಾಗಿ ಒಂದೇ ಗುಂಡಿಗೆ ಮುರಿಯಲ್ಲ, ದಣಿದು ಮುರಿಯುತ್ತೆ. ಪ್ರತಿ ಸುತ್ತಿನಲ್ಲೂ ನೆಲದ ಕಡೆ ಬಂದ ಕಡ್ಡಿ ಕೊಂಚ ಸಡಿಲವಾಗಿ ಮತ್ತೆ ಬಿಗಿಯಾಗುತ್ತೆ. ಕಿಲೋಮೀಟರಿಗೆ ಸುಮಾರು 470 ಸಲ. ಬಿಗಿತ ಕಮ್ಮಿಯಿದ್ದರೆ, ಏರುಪೇರಿದ್ದರೆ ಆಯಸ್ಸೂ ಕಮ್ಮಿ. 20 ಕಡ್ಡಿಯ ಚಕ್ರದಲ್ಲಿ ಒಂದು ಹೋದರೂ ರಿಮ್ಮು ಬಳುಕಿ ಬ್ರೇಕಿಗೋ ಫ್ರೇಮಿಗೋ ಉಜ್ಜಬಹುದು. 32 ಇದ್ದರೆ ಬ್ರೇಕ್ ಸಡಿಲಿಸಿಕೊಂಡು ಮನೆ ಸೇರುವ ಸಾಧ್ಯತೆ ಹೆಚ್ಚು. 200 ಕಿಮೀ ಬ್ರೆವೆಗೆ ಸಿಗೋದು ಹದಿಮೂರೂವರೆ ಗಂಟೆ. ಕತ್ತಲಾದ ಮೇಲೆ, ಹೆದ್ದಾರಿ ಪಕ್ಕ ಒಬ್ಬರೇ ನಿಂತಾಗ ಆ 400 ಗ್ರಾಂ ಯಾರ ನೆನಪಿಗೂ ಬರಲ್ಲ.

ಹಾಗಾದ್ರೆ ಏನು ತಗೋಬೇಕು? ಅಲ್ಯೂಮಿನಿಯಂ ರಿಮ್, ಹಿಂದೆ 32 ಕಡ್ಡಿ. ನೀವು ಹಗುರ ಇದ್ದರೆ ಮುಂದೆ 28 ಸಾಕು. ಹಬ್ ಕಡೆ ಬಾಗಿದ ಮಾಮೂಲಿ ಸ್ಟೀಲ್ ಕಡ್ಡಿ, ಹಿತ್ತಾಳೆಯ ನಿಪ್ಪಲ್. ಬಿಡಿ ಗುಂಡುಗಳಿರುವ ಶಿಮಾನೋ ಹಬ್ ಆದರೆ ಬಿಚ್ಚಿ, ತೊಳೆದು, ಗ್ರೀಸ್ ಹಾಕಿ ವರ್ಷಗಟ್ಟಲೆ ಓಡಿಸಬಹುದು. ಫ್ರೇಮಲ್ಲಿ ಜಾಗ ಇದ್ದರೆ 28 ಮಿಮೀ ಟೈರ್ ಹಾಕಿ. ನಮ್ಮ ರಸ್ತೆಗೆ ಅದಕ್ಕಿಂತ ಅಗ್ಗದ ಅಪ್‌ಗ್ರೇಡ್ ಇಲ್ಲ.

ಹಾಗಂತ ಕೈಯಲ್ಲಿ ಕಟ್ಟಿದ್ದೆಲ್ಲಾ ಚಿನ್ನ ಅನ್ನೋದೂ ಭ್ರಮೆ. ಅವಸರದಲ್ಲಿ ಕಟ್ಟಿದ ಚಕ್ರಕ್ಕಿಂತ ಫ್ಯಾಕ್ಟರಿಯದ್ದೇ ವಾಸಿ. ಒಂದೇ ಬದಿಯ ಕಡ್ಡಿಗಳನ್ನ ಒಂದೊಂದಾಗಿ ಮೀಟಿ ನೋಡಿ, ಶ್ರುತಿ ಹೆಚ್ಚುಕಮ್ಮಿ ಒಂದೇ ಇರಬೇಕು. ಹಿಂದಿನ ಚಕ್ರದಲ್ಲಿ ಎಡ, ಬಲದ ಶ್ರುತಿ ಬೇರೆ ಇರುತ್ತೆ, ಗಾಬರಿ ಬೇಡ. ಮೊದಲ ಕೆಲವು ನೂರು ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ಬೆಂಡ್ ತೆಗೆಸಿ.

ಅಂಗಡಿಯಲ್ಲಿ ಕಾರ್ಡ್ ಉಜ್ಜೋ ಮುಂಚೆ ಒಂದೇ ಪ್ರಶ್ನೆ ಕೇಳಿ: "ಇದರ ಕಡ್ಡಿ ಮುರಿದರೆ ನಾಳೆನೇ ಸಿಗುತ್ತಾ?" ತರಿಸಬೇಕು ಸಾರ್ ಅಂದರೆ, ಆ ಚಕ್ರ ಎಷ್ಟೇ ಡಿಸ್ಕೌಂಟಲ್ಲಿದ್ದರೂ ದುಬಾರಿನೇ.