ಕೆರೆ ಕಟ್ಟಿಸಿದವರು, ಕೆರೆ ತೋಡಿದವರು

ಹಗಲೆಲ್ಲ ದುಡಿದು, ರಾತ್ರಿ ದೂರಶಿಕ್ಷಣದ ಪಾಠ ಹಿಡಿದು ಕೂರುವ ನಾವು ಇತಿಹಾಸದ ಎಂ.ಎ.ಗೆ ಸೇರಿದ್ದೇಕೆ? ಬಡ್ತಿಗಾಗಿ ಅಂತ ಒಪ್ಪಿಕೊಳ್ಳೋಣ. ಆದರೆ ಅಷ್ಟೇ ಅಲ್ಲ.

ಪಾಠದಲ್ಲಿ ಅರಸ ಕೆರೆ ಕಟ್ಟಿಸಿದ; ತೋಡಿದವರ ಹೆಸರಿಲ್ಲ. ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊತ್ತವರು ನಮ್ಮ ಅವ್ವಂದಿರು. ಅರಸನ ಕೈಗೆ ಮಣ್ಣು ಅಂಟಲಿಲ್ಲ ಅನ್ನೋದು ನಮಗೆ ಓದದೇನೇ ಗೊತ್ತು. ಕೆರೆಯ ನೀರು ಮುಟ್ಟೋದಕ್ಕೂ ಹೋರಾಟ ಬೇಕಾಯ್ತು. 1927ರ ಮಾರ್ಚ್ 20ರಂದು ಮಹಾಡದಲ್ಲಿ ಬಾಬಾಸಾಹೇಬರು ಅದನ್ನು ಮಾಡಿ ತೋರಿಸಿದರು.

ಇಂಗ್ಲೆಂಡಿನ ಇ.ಪಿ. ಥಾಂಪ್ಸನ್ 1948ರಿಂದ ಲೀಡ್ಸ್ ವಿಶ್ವವಿದ್ಯಾಲಯದ ಪರವಾಗಿ ವಯಸ್ಕರಿಗೆ ಪಾಠ ಹೇಳಿದವರು. ಆ ಕೆಲಸದಲ್ಲಿದ್ದಾಗಲೇ ಕಾರ್ಮಿಕ ವರ್ಗದ ಚರಿತ್ರೆ ಬರೆದು 1963ರಲ್ಲಿ ಪ್ರಕಟಿಸಿದರು. ವಯಸ್ಕ ವಿದ್ಯಾರ್ಥಿ ತರುವ ಅನುಭವ ಪಾಠವನ್ನೇ ಬದಲಿಸುತ್ತದೆ ಎಂದು 1968ರ ಉಪನ್ಯಾಸವೊಂದರಲ್ಲಿ ವಾದಿಸಿದರು.

ನಮ್ಮ ಪ್ರಶ್ನೆಪತ್ರಿಕೆ ಕೇಳೋದು ಮಾತ್ರ ಅರಸರ ಸಾಧನೆಗಳನ್ನೇ. ನಾವೂ ಗೈಡು ಉರುಹೊಡೆದು, ಅವ್ವನನ್ನು ಮನೆಯಲ್ಲೇ ಬಿಟ್ಟು, ಪರೀಕ್ಷೆ ಬರೆದು ಬರುತ್ತೇವೆ. ಈ ತಪ್ಪು ನಮ್ಮದು.

ಗೆಳೆಯರೇ, ಪದವಿ ಬೇಕು, ಬಿಡೋದು ಬೇಡ. ಆದರೆ ಮುಂದಿನ ಅಸೈನ್‌ಮೆಂಟಿಗೆ ನಮ್ಮೂರ ಕೆರೆ ತೋಡಿದವರು ಯಾರು, ನೀರು ಮುಟ್ಟಬೇಡಿ ಅಂದವರು ಯಾರು ಎಂದು ಹಿರಿಯರನ್ನು ಕೇಳಿ ಬರೆಯೋಣ. ಅಂಕ ಕಡಿಮೆ ಬಂದರೆ ಆ ಬರಹವನ್ನು ಇದೇ ಪುಟಗಳಲ್ಲಿ ಅಚ್ಚು ಹಾಕೋಣ.